ಎಂಟು ಗಂಟೆಯ ಅಕ್ಕೋರು

ಹೋದ ತಿಂಗಳ ಕೊನೆಯ ದಿನ ಅವರು ನಿವೃತ್ತರಾದರು. ನಾನು ಆ ಶಾಲೆ ಬಿಟ್ಟು ಹತ್ತು ವರ್ಷದ ಮೇಲಾಗಿದ್ದರೂ ಮರೆಯದೆ ಕರೆದಿದ್ದರು. ಹಾರ, ಶಾಲು, ಹಣ್ಣಿನ ಬುಟ್ಟಿ ಎಲ್ಲ ಆಯಿತು. ಮಾತಾಡಿದವರು ಅವರ ಗಣಿತ ಪಾಠವನ್ನು ಹೊಗಳಿದರು, ಶಿಸ್ತನ್ನು ಹೊಗಳಿದರು. ಶಾಲು ಹೊದ್ದು ನೆಟ್ಟಗೆ ಕುಳಿತಿದ್ದ ಅವರನ್ನು ನೋಡುತ್ತಾ ನನಗೆ ಮಾತ್ರ ಬೇರೆಯದೇ ಸಂಭ್ರಮ. ಈ ಹೆಂಗಸು ಅರವತ್ತು ಮುಟ್ಟಿದರು, ಪೂರಾ ನೌಕರಿ ಮುಗಿಸಿದರು ಅನ್ನುವುದೇ ಆ ಸಂಭ್ರಮ. ಹದಿನೇಳು ವರ್ಷದ ಹಿಂದೆ ಅವರ ನೆಂಟರು "ಐದು ವರ್ಷ ಬಂದ್ರ ಪುಣ್ಯ" ಎಂದು ಅವರ ಕಿವಿಗೆ ಬೀಳುವ ಹಾಗೆಯೇ ಮಾತಾಡಿಕೊಂಡಿದ್ದರಂತೆ.

ನಮ್ಮ ಕಡೆ ಪಾಠ ಹೇಳುವ ಹೆಂಗಸರನ್ನು ಅಕ್ಕೋರು ಅನ್ನುವುದು ವಾಡಿಕೆ. ಶಾಲೆಯಲ್ಲಿ ನಾವು ಆರು ಜನ ಅಕ್ಕೋರಿದ್ದೆವು. ಆದರೆ ಸಂಡೂರಿನಲ್ಲಿ ಯಾರಾದರೂ ಬರೀ "ಅಕ್ಕೋರು" ಅಂದರೆ ಅದು ಅವರೊಬ್ಬರೇ.

ಗಣಿಯ ಅಬ್ಬರದ ವರ್ಷಗಳು ಅವು. ನನ್ನನ್ನು ಕನ್ನಡ ಟೀಚರಾಗಿ ಹೊಸದಾಗಿ ಸಂಡೂರಿಗೆ ಹಾಕಿದ್ದರು. ಮನೆ ಹೊಸಪೇಟೆಯಲ್ಲಿ. ಬೆಳಿಗ್ಗೆ ಏಳೂವರೆಯ ಬಸ್ಸಿಗೆ ಹತ್ತಿದರೆ ದಾರಿಯುದ್ದಕ್ಕೂ ಅದಿರಿನ ಲಾರಿಗಳು. ಮುಂದೂ ಲಾರಿ, ಹಿಂದೂ ಲಾರಿ, ಎದುರಿಗೂ ಲಾರಿ. ಗಿಡ, ಗೋಡೆ, ನಾಯಿಗಳ ಮೈ ಎಲ್ಲ ಕೆಂಪು. ಬಿಳಿ ಸೀರೆ ಉಟ್ಟು ಹತ್ತಿದವರು ಕಾವಿ ಸೀರೆಯಲ್ಲಿ ಇಳಿಯುತ್ತಿದ್ದರು.

ಮೊದಲ ದಿನ ಬಸ್ಸಿನಲ್ಲಿ ಅವರ ಪಕ್ಕದ ಸೀಟು ಸಿಕ್ಕಿತು. ಮೂಗು ಬಾಯಿಗೆ ಎರಡು ಪದರದ ಬಿಳಿ ಬಟ್ಟೆ ಕಟ್ಟಿಕೊಂಡಿದ್ದರು. ಒಂದೇ ಶಾಲೆಯವರೆಂದು ಗೊತ್ತಾಗಿ ನಾನು ಉತ್ಸಾಹದಿಂದ ನಿಲ್ದಾಣದಲ್ಲಿ ಕಟ್ಟಿಸಿಕೊಂಡಿದ್ದ ಒಗ್ಗರಣೆ ಮಂಡಕ್ಕಿ, ಮಿರ್ಚಿ ಬಜ್ಜಿಯ ಪೊಟ್ಟಣ ಬಿಚ್ಚಿ ಅವರ ಮುಂದೆ ಹಿಡಿದೆ. ಬೇಡವೆಂದು ಕೈ ಆಡಿಸಿದರು. ನೀರಿನ ಬಾಟಲಿ ಚಾಚಿದೆ. ಅದಕ್ಕೂ ಕೈ ಆಡಿಸಿದರು. ಎಂಥ ಬಿಂಕದ ಹೆಂಗಸಪ್ಪ ಅಂದುಕೊಂಡು ಕಿಟಕಿಯ ಕಡೆ ಮುಖ ತಿರುಗಿಸಿದೆ.

ಸ್ವಲ್ಪ ಹೊತ್ತಿಗೆ ಕಂಡಕ್ಟರ್ ಹಿಂದಿನಿಂದ ಕೂಗಿದ. "ಎಂಟಾತ್ರೀ ಅಕ್ಕೋರ."

ಅವರು ಆಗಲೇ ಗಡಿಯಾರ ನೋಡಿ ಬ್ಯಾಗಿನಿಂದ ಸ್ಟೀಲ್ ಡಬ್ಬಿ ತೆಗೆದಿದ್ದರು. ಬಟ್ಟೆ ಸರಿಸಿ, ಮಾತ್ರೆಗಳನ್ನು ಎಣಿಸಿ ಬಾಯಿಗೆ ಹಾಕಿಕೊಂಡು, ಮನೆಯಿಂದ ತಂದ ಕಾಯಿಸಿ ಆರಿಸಿದ ನೀರು ಕುಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ತಪ್ಪು ತಿಳ್ಕೊಬ್ಯಾಡ ತಂಗಿ. ಮಿರ್ಚಿ ಕಂಡ್ರ ನನಗೂ ಬಾಯಾಗ ನೀರು ಬರ್ತಾವ. ಆದ್ರ ನನ್ನ ಹೊಟ್ಟ್ಯಾಗ ನಮ್ಮಣ್ಣನ ಕಿಡ್ನಿ ಐತಿ. ಅದಕ್ಕ ಹೊರಗಿಂದು ಆಗಿ ಬರಂಗಿಲ್ಲ."

ಹೊಸ ಬಾಡಿಗೆದಾರರ ವಿಷಯ ಹೇಳುವಷ್ಟು ಸಲೀಸಾಗಿ ಹೇಳಿಬಿಟ್ಟರು. ಕೈಯಲ್ಲಿದ್ದ ಮಿರ್ಚಿಯನ್ನು ಏನು ಮಾಡಬೇಕೋ ನನಗೆ ತಿಳಿಯಲಿಲ್ಲ. "ನೀ ತಿನ್ನು, ತಣ್ಣಗಾಕ್ಕಾವ" ಅಂದರು.

ಬುಕ್ಕಸಾಗರದಲ್ಲಿ ಭತ್ತ ಬೆಳೆಯುವ ಮನೆತನ ಅವರದು. ಇವರೊಬ್ಬರೇ ಓದಿ ನೌಕರಿ ಹಿಡಿದವರು. ಯಜಮಾನರಿಗೆ ಹೊಸಪೇಟೆಯಲ್ಲಿ ಕಿರಾಣಿ ಅಂಗಡಿ. ನಲವತ್ತು ದಾಟುವ ಹೊತ್ತಿಗೆ ಎರಡೂ ಕಿಡ್ನಿ ಕೈಕೊಟ್ಟವು. ಯಜಮಾನರು ಕೊಡಲು ಮುಂದಾದರು, ರಕ್ತದ ಗುಂಪು ಕೂಡಲಿಲ್ಲ. ಆಗ ಅಣ್ಣ ಗದ್ದೆಯಿಂದ ಬಂದು, ಕಾಲಿನ ಕೆಸರನ್ನೂ ಪೂರ್ತಿ ತೊಳೆಯದೆ, "ನಂದು ಕೂಡ್ತೈತೇನು ನೋಡಂತ ಹೇಳ್ರಿ" ಎಂದನಂತೆ. ಕೂಡಿತು. ಬೆಂಗಳೂರಿನಲ್ಲಿ ಆಪರೇಷನ್ ಆಯಿತು. ನಾಲ್ಕನೇ ದಿನ ಗೋಡೆ ಹಿಡಿದುಕೊಂಡು ತಂಗಿಯ ಕೋಣೆಯ ಬಾಗಿಲಿಗೆ ಬಂದು ನಿಂತ ಅಣ್ಣ ಹೇಳಿದ್ದು ಇಷ್ಟೇ: "ನನ್ನ ಒಂದು ಎತ್ತು ನಿನ್ನ ಕೊಟ್ಟಗ್ಯಾಗ ಕಟ್ಟೀನಿ. ಹೊತ್ತಿಗೆ ಸರಿಯಾಗಿ ಮೇವು ಹಾಕು, ನೀರು ಕುಡಿಸು. ಬ್ಯಾರೆ ಏನೂ ಕೇಳಂಗಿಲ್ಲ."

ಇಂಥ ಮಾತು ಕೇಳಿದ ಮೇಲೂ ಅವರು ಒಮ್ಮೆ ತಪ್ಪಿದ್ದರು. ಅದನ್ನು ಮುಚ್ಚಿಡದೆ ಎಲ್ಲರ ಹತ್ತಿರವೂ ಹೇಳುತ್ತಿದ್ದರು. ಸ್ಟಾಫ್ ರೂಮಿನಲ್ಲಿ ನನಗೆ ಹೇಳಿದ್ದು ಹೀಗೆ.

ಆಪರೇಷನ್ ಆಗಿ ಎಂಟು ತಿಂಗಳಾಗಿತ್ತಂತೆ. ಮೈಯಲ್ಲಿ ಶಕ್ತಿ ಬಂದಿತ್ತು, ಊಟ ರುಚಿಸುತ್ತಿತ್ತು. ಆದರೆ ಮಾತ್ರೆಗಳಿಂದ ಮುಖ ಉಬ್ಬಿ ದುಂಡಗಾಗಿತ್ತು, ಬೋರ್ಡಿನ ಮೇಲೆ ಬರೆಯಲು ಹೋದರೆ ಕೈ ನಡುಗುತ್ತಿತ್ತು. ಗಣಿತದವರಿಗೆ ಗೆರೆ ಸೊಟ್ಟಗಾದರೆ ಹೇಗಾಗಬೇಡ! ಅದೇ ಹೊತ್ತಿಗೆ ಕಂಪ್ಲಿಯಲ್ಲಿ ನೆಂಟರ ಮದುವೆ. ಅಲ್ಲಿ ಒಬ್ಬರು ಮುಖ ನೋಡಿ, "ಇಂಗ್ಲಿಷ್ ಔಷಧ ತಿಂದು ತಿಂದು ರಕ್ತ ಕೆಟ್ಟೈತಿ, ಈ ಕಷಾಯ ಕುಡಿ, ತೊಳದಂಗ ಆಕ್ಕೈತಿ" ಎಂದು ಬೇರಿನ ಪುಡಿ ಕೊಟ್ಟರು. ಇವರು ಯಾರನ್ನೂ ಕೇಳದೆ ಕಷಾಯ ಶುರು ಮಾಡಿದರು. ರಾತ್ರಿಯ ಮಾತ್ರೆಯಲ್ಲಿ ಒಂದನ್ನು ತಾವೇ ಕಡಿಮೆ ಮಾಡಿದರು. ಕೈ ನಡುಗುವುದು ನಿಜವಾಗಿಯೂ ಕಡಿಮೆಯಾಯಿತು. ಎರಡು ವಾರಕ್ಕೆ ಕಾಲು ಊದಿಕೊಂಡವು, ಮೂತ್ರ ಕಡಿಮೆಯಾಯಿತು. ಬೆಂಗಳೂರಿಗೆ ಹೋದರೆ ರಕ್ತದ ವರದಿ ನೋಡಿದ ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ದೇಹ ಅಣ್ಣನ ಕಿಡ್ನಿಯನ್ನು ಹೊರಗೆ ದಬ್ಬಲು ಶುರುಮಾಡಿತ್ತು.

"ನಮ್ಮ ಮೈಯಾಗ ಕಾವಲುಗಾರರು ಇರ್ತಾರ ತಂಗಿ" ಎಂದು ಅವರು ಮೇಜಿನ ಮೇಲೆ ಸೀಮೆಸುಣ್ಣಗಳನ್ನು ಸಾಲಾಗಿ ನಿಲ್ಲಿಸಿ ತೋರಿಸಿದರು. "ಹೊರಗಿನವ್ರು ಯಾರು ಬಂದ್ರೂ ಹೊಡೀತಾರ. ಇದು ಅಣ್ಣಂದು, ಒಳ್ಳೇದಕ್ಕ ಬಂದೈತಿ ಅಂತ ಅವ್ರಿಗೆ ತಿಳಿಯಂಗಿಲ್ಲ. ಎಷ್ಟು ವರ್ಷ ಆದ್ರೂ ತಿಳಿಯಂಗಿಲ್ಲ. ದಿನಾ ಎರಡು ಹೊತ್ತು ಈ ಗುಳಿಗಿ ಹೋಗಿ 'ಸುಮ್ಕ ಕುಂದ್ರಿರಪಾ' ಅಂತ ಹೇಳಬೇಕು. ಹೇಳೋದು ತಪ್ಪಿದ್ರ ಎದ್ದು ಬರ್ತಾರ. ನಾನು ಆರಾಮ್ ಇದೀನಿ ಅಂತ ಗುಳಿಗಿ ಕಮ್ಮಿ ಮಾಡಿದೆ ನೋಡು. ಗುಳಿಗಿ ತಗೊಂಡಿದ್ದಕ್ಕ ಆರಾಮ್ ಇದ್ದೆ, ಅಷ್ಟು ತಿಳೀಲಿಲ್ಲ ಈ ಗಣಿತದ ಟೀಚರಿಗೆ."

"ಕಾವಲುಗಾರರನ್ನ ಸುಮ್ಕ ಕೂಡ್ರಿಸಿದ್ರ ನಿಜವಾದ ಕಳ್ಳ ಬಂದಾಗ ಏನ್ರೀ ಗತಿ?" ಅಂದೆ.

"ಅದಕ್ಕ ಈ ಬಾಯಿ ಬಟ್ಟಿ, ಈ ನೀರು, ಆ ಮಿರ್ಚಿ ಒಲ್ಲೆ ಅಂದಿದ್ದು."

ಮೂರು ದಿನ ಇಂಜೆಕ್ಷನ್ ಕೊಟ್ಟು ಆ ಸಲ ಕಿಡ್ನಿಯನ್ನು ಉಳಿಸಿದರು. ಸುದ್ದಿ ಕೇಳಿ ಅಣ್ಣ ಊರಿಂದ ಬಂದ. ಬೈಯುತ್ತಾನೆಂದು ಇವರು ಕಾದರು. ಅವನು ಹಾಸಿಗೆಯ ಪಕ್ಕ ಕುಳಿತು, "ಊಟ ಆತೇನು?" ಎಂದು ಕೇಳಿದ. ಆಮೇಲೆ ಕಿಟಕಿಯಾಚೆ ನೋಡಿದ. "ಅವ ಎರಡು ಏಟು ಹೊಡದಿದ್ರ ಹಗುರಾಕ್ಕಿತ್ತು" ಅನ್ನುತ್ತಿದ್ದರು ಅಕ್ಕೋರು. ಆ ಕಿಟಕಿಯ ಪಕ್ಕದಲ್ಲೇ ಅವರು ಬೇರೆ ಮನುಷ್ಯರಾದರೆಂದು ಕಾಣುತ್ತದೆ.

ನಾನು ಕಂಡದ್ದು ಆ ಬೇರೆ ಮನುಷ್ಯರನ್ನು. ಬೆಳಿಗ್ಗೆ ಎಂಟು, ರಾತ್ರಿ ಎಂಟು. ಮದುವೆ ಇರಲಿ, ಸಾವು ಇರಲಿ, ಎಂಟು ಅಂದರೆ ಎಂಟು. ಮನೆಯಲ್ಲಿ ಹದಿನೈದು ದಿನದ ಮಾತ್ರೆ ಉಳಿದಾಗಲೇ ಹೊಸದಕ್ಕೆ ಹೇಳಿಬಿಡುತ್ತಿದ್ದರು. ಬ್ಯಾಗಿನಲ್ಲಿ ಯಾವಾಗಲೂ ಮೂರು ದಿನಕ್ಕಾಗುವಷ್ಟು ಇರಬೇಕು. ಬ್ಯಾಗು ಕಳೆದರೆ ಎಂದು ಒಂದು ದಿನದ್ದು ಸೊಂಟದ ಚೀಲದಲ್ಲಿ. ಒಮ್ಮೆ ಔಷಧಿ ಅಂಗಡಿಯವನು, "ಅದು ಬಂದಿಲ್ರೀ ಅಕ್ಕೋರ, ಇದು ತಗೊಳ್ರಿ, ಅದೇ ಔಷಧ, ಕಂಪನಿ ಅಷ್ಟ ಬ್ಯಾರೆ" ಅಂದ. ಇವರು ಅಂಗಡಿಯ ಮೆಟ್ಟಿಲ ಮೇಲೆಯೇ ನಿಂತು ಬೆಂಗಳೂರಿಗೆ ಫೋನು ಹಚ್ಚಿ, ಬೇಡವೆಂದು ಅಲ್ಲಿಂದ ಹೇಳಿಸಿಕೊಂಡು, ಬಳ್ಳಾರಿಯಿಂದ ಹಳೆಯದನ್ನೇ ತರಿಸಿದರು. ರಕ್ತ ಪರೀಕ್ಷೆಯ ದಿನ ಮಾತ್ರೆಯ ಡಬ್ಬಿ ಹಿಡಿದುಕೊಂಡೇ ಲ್ಯಾಬಿನಲ್ಲಿ ಕೂರುತ್ತಿದ್ದರು: ಮೊದಲು ರಕ್ತ ಕೊಡಬೇಕು, ಆಮೇಲೆ ಮಾತ್ರೆ, ಇಲ್ಲದಿದ್ದರೆ ಮೈಯಲ್ಲಿ ಔಷಧ ಎಷ್ಟು ಉಳಿದಿದೆಯೆಂಬ ಲೆಕ್ಕವೇ ತಪ್ಪಾಗುತ್ತದೆ. ಪಕ್ಕದ ಮನೆಯವರು ಹಿತ್ತಲಿನ ಚಕ್ಕೋತ ಹಣ್ಣು ತಂದುಕೊಟ್ಟರೆ ಕಣ್ಣಿಗೊತ್ತಿಕೊಂಡು ನನಗೆ ದಾಟಿಸುತ್ತಿದ್ದರು. ಆ ಹಣ್ಣು ತಿಂದರೆ ರಕ್ತದಲ್ಲಿ ಔಷಧ ಏರಬಹುದೆಂದು ಡಾಕ್ಟರು ಹೇಳಿದ್ದರಂತೆ. ಆ ವರ್ಷಗಳಲ್ಲಿ ನಾನು ತಿಂದಷ್ಟು ಚಕ್ಕೋತವನ್ನು ಹೊಸಪೇಟೆಯಲ್ಲಿ ಬೇರೆ ಯಾರೂ ತಿಂದಿರಲಾರರು.

ಹೀಗೆಂದ ಮಾತ್ರಕ್ಕೆ ಅವರು ಹೆದರುಪುಕ್ಕಲಿಯಲ್ಲ. ಗಣಿ ಕಂಪನಿಯ ದೋಣಿಮಲೈ ಟೌನ್‌ಶಿಪ್ಪಿನಲ್ಲಿ ನಡೆದ ಗಣಿತ ಸ್ಪರ್ಧೆಗೆ ನಮ್ಮ ಹುಡುಗಿಯರನ್ನು ಕರೆದೊಯ್ದು, ಅಲ್ಲಿಯ ಕ್ವಾರ್ಟರ್ಸ್ ಮಕ್ಕಳನ್ನೆಲ್ಲ ಸೋಲಿಸಿ, ವಾಪಸು ಬರುವಾಗ ಬಸ್ಸಿನಲ್ಲಿ ಎಲ್ಲರಿಗಿಂತ ಜೋರಾಗಿ ಹಾಡಿದವರು ಅವರೇ. ನಡುಗುವ ಕೈಗೆ ಉದ್ದನೆಯ ಮರದ ಅಳತೆಪಟ್ಟಿ ಆಸರೆ ಕೊಟ್ಟು ಬೋರ್ಡಿನ ಮೇಲೆ ಅವರು ಎಳೆಯುತ್ತಿದ್ದ ಗೆರೆ ನನ್ನ ಗೆರೆಗಿಂತ ನೆಟ್ಟಗಿರುತ್ತಿತ್ತು.

ಮೊಂಡುತನವೂ ಇತ್ತು. ಅದು ಒಮ್ಮೆ ಜೀವಕ್ಕೇ ಬಂತು.

ಚಿಕುನ್‌ಗುನ್ಯಾ ಬಂದ ವರ್ಷ. ಹೊಸಪೇಟೆಯಲ್ಲಿ ಅರ್ಧ ಊರು ಸೊಂಟ ಬಗ್ಗಿಸಿ, ಗೋಡೆ ಹಿಡಿದು ನಡೆಯುತ್ತಿತ್ತು. ಸಿಕ್ಕವರೆಲ್ಲ ನೋವಿನ ಮಾತ್ರೆ ನುಂಗುತ್ತಿದ್ದರು. ಹತ್ತನೇ ತರಗತಿಯ ಪೂರ್ವಸಿದ್ಧತಾ ಪರೀಕ್ಷೆಯ ದಿನ ಅಕ್ಕೋರು ಬಸ್ಸು ಹತ್ತಿದಾಗ ಕಣ್ಣು ಕೆಂಪಗಿದ್ದವು. ಕೈ ಮುಟ್ಟಿದೆ, ಸುಡುತ್ತಿತ್ತು.

"ಮನಿಗೆ ಹೋಗ್ರಿ ಅಕ್ಕೋರ."

"ಪ್ರಶ್ನೆಪತ್ರಿಕೆ ಕೊಟ್ಟು ಮಧ್ಯಾಹ್ನ ಬರ್ತೀನಿ."

ಗುಡ್ಡದ ದಾರಿಯಲ್ಲಿ ಬಸ್ಸು ನಿಂತುಬಿಟ್ಟಿತು. ಮುಂದೆಲ್ಲೋ ಲಾರಿ ಮಗುಚಿತ್ತು. ಎಂಟಕ್ಕೆ ಮಾತ್ರೆ ತಗೊಂಡರು. ಹತ್ತೇ ನಿಮಿಷ, ಕಿಟಕಿಯಿಂದ ಕತ್ತು ಹೊರಗೆ ಹಾಕಿ ಎಲ್ಲ ವಾಂತಿ ಮಾಡಿಕೊಂಡರು. ಸೀಟಿಗೆ ಒರಗಿದ ಮುಖದಲ್ಲಿ ನಾನು ಮೊದಲ ಬಾರಿಗೆ ಭಯ ಕಂಡೆ.

"ಗುಳಿಗಿ ಹೋತು ತಂಗಿ."

"ಇನ್ನೊಮ್ಮೆ ತಗೊಳ್ರಿ ಮತ್ತ."

"ನನ್ನಷ್ಟಕ್ಕ ನಾನು ತಗೊಳ್ಳಂಗಿಲ್ಲ. ಒಮ್ಮೆ ನನ್ನ ಬುದ್ಧಿ ಓಡ್ಸಿ ಆಗೇತಿ. ಫೋನು ಮಾಡು."

ನನ್ನ ಫೋನಿಗೆ ಅಲ್ಲಿ ಸಿಗ್ನಲ್ ಇಲ್ಲ. ಕೆಳಗಿಳಿದು ಲಾರಿಗಳ ನಡುವೆ ಓಡಿ, ದಿಬ್ಬ ಹತ್ತಿದ ಮೇಲೆ ಬೆಂಗಳೂರಿನ ನರ್ಸಮ್ಮ ಸಿಕ್ಕರು. ಎಷ್ಟು ನಿಮಿಷಕ್ಕೆ ವಾಂತಿ ಆಯಿತು, ಜ್ವರ ಎಷ್ಟಿದೆ, ಮೂತ್ರ ಹೋಗುತ್ತಿದೆಯೇ ಎಂದೆಲ್ಲ ಕೇಳಿ, ಡಾಕ್ಟರನ್ನು ವಿಚಾರಿಸಿ ಹೇಳಿದರು: ಹತ್ತೇ ನಿಮಿಷವಾದ್ದರಿಂದ ಈ ಹೊತ್ತಿನದನ್ನು ಒಂದು ಸಲ ಮತ್ತೆ ಕೊಡಿ, ಅದೂ ಹೋದರೆ ಮತ್ತೆ ಮತ್ತೆ ಕೊಡಬೇಡಿ, ಏನೇ ಆದರೂ ಈಗಲೇ ಆಸ್ಪತ್ರೆಗೆ ಸೇರಿಸಿ, ಅಲ್ಲಿಂದ ನಮಗೆ ಫೋನು ಮಾಡಿಸಿ.

ಓಡಿ ಬಂದು ಹೇಳಿದೆ. ಗುಟುಕು ಗುಟುಕಾಗಿ ನೀರು ಕುಡಿದು ಎರಡನೇ ಸಲ ನುಂಗಿದರು. ಆಮೇಲೆ ಗಡಿಯಾರದ ಮೇಲೆ ಕಣ್ಣು ನೆಟ್ಟು, ಹಲ್ಲು ಕಚ್ಚಿ ಕುಳಿತರು.

ಕಂಡಕ್ಟರ್ ಬಸ್ಸಿನ ನಡುವೆ ನಿಂತು ಕೇಳಿದ. "ಗಾಡಿ ಹೊಸಪ್ಯಾಟಿಗೆ ಹೊಳ್ಳಿಸ್ತೀನಿ. ನೀವೆಲ್ಲ ಕೆಲಸಕ್ಕ ಹೊಂಟೀರಿ. ಯಾರಿಗಾದ್ರೂ ಅಡ್ಡಿ ಐತೇನ್ರಪಾ?"

ಗಣಿಯಲ್ಲಿ ಕೂಲಿ ಮಾಡುವವರು, ಆಫೀಸಿನವರು, ಸಂತೆಯವರು ಸೇರಿ ಐವತ್ತು ಜನ ಇದ್ದರು. ಹಿಂದಿನಿಂದ ಒಬ್ಬ, "ಹೊಳ್ಳಸ್ರೀ, ನಮ್ಮ ಗುಡ್ಡ ಎಲ್ಲಿ ಓಡಿ ಹೊಕ್ಕೈತಿ" ಅಂದ. ಸಾಲುಗಟ್ಟಿ ನಿಂತ ಲಾರಿಗಳ ತುಂಬ ಗುಡ್ಡವೇ ಹೊರಟು ನಿಂತಿತ್ತು. ಆ ಹೊತ್ತಿನಲ್ಲೂ ಕೆಲವರು ನಕ್ಕರು. ಗಂಡಸರೆಲ್ಲ ಇಳಿದರು. ಕಂಡಕ್ಟರ್ ಸೀಟಿ ಊದುತ್ತಾ ಮುಂದೆ ನಡೆದ. ಲಾರಿ ಡ್ರೈವರುಗಳು ಇಳಿದು ಬಂದರು. ಆಂಧ್ರದ ಕಡೆಯ ಒಬ್ಬ, "ಏಮೈಂದಿ?" ಎಂದು ತೆಲುಗಿನಲ್ಲಿ ಏನಾಯಿತೆಂದು ವಿಚಾರಿಸುತ್ತಾ ಕಿಟಕಿಯಲ್ಲಿ ಇಣುಕಿದವನು ಅಕ್ಕೋರ ಮುಖ ನೋಡಿ, ಓಡಿಹೋಗಿ ತನ್ನ ಲಾರಿಯನ್ನು ಚರಂಡಿಯ ಅಂಚಿನವರೆಗೂ ಸರಿಸಿದ. ಅವನ ಹಿಂದಿನವನು ಸರಿಸಿದ, ಅವನ ಹಿಂದಿನವನೂ ಸರಿಸಿದ. ಗಂಟೆಗಟ್ಟಲೆ ಯಾರಿಗೂ ದಾರಿ ಬಿಡದ ಆ ರಸ್ತೆಯಲ್ಲಿ ನಮ್ಮ ಕೆಂಪು ಬಸ್ಸು ಇಂಚಿಂಚೇ ತಿರುಗಿ ಹೊಸಪೇಟೆಯ ಕಡೆ ಮುಖ ಮಾಡಿತು.

"ಅರ್ಧ ತಾಸು ಆತು" ಎಂದರು ಅಕ್ಕೋರು. "ನಿಂತೈತಿ."

ಮಾತ್ರೆ ಹೊಟ್ಟೆಯಲ್ಲಿ ನಿಂತಿತ್ತು. ನಾನು ಅಳತೊಡಗಿದೆ. ಅವರು ಅಳಲಿಲ್ಲ.

ನರ್ಸಿಂಗ್ ಹೋಮಿನಲ್ಲಿ ಇನ್ನೊಂದು ಕಾದಿತ್ತು. ಡ್ಯೂಟಿ ಡಾಕ್ಟರು ಪಾಪ, ಅಂಥದೇ ನೋವಿನ ನೂರು ಜನರನ್ನು ನೋಡಿ ದಣಿದಿದ್ದರು. ಬಂದವರೇ ನೋವಿನ ಇಂಜೆಕ್ಷನ್ ತುಂಬತೊಡಗಿದರು. ಅಕ್ಕೋರಿಗೆ ಕುತ್ತಿಗೆ ಎತ್ತಲೂ ಆಗುತ್ತಿರಲಿಲ್ಲ. ಆದರೂ ಬ್ಯಾಗಿನಿಂದ ಒಂದು ಕಾರ್ಡು ತೆಗೆಸಿ ತೋರಿಸಿದರು. ಏನೇನು ಮಾತ್ರೆ ತಗೊಳ್ಳುತ್ತಾರೆ, ಯಾವ ಯಾವ ಔಷಧ ಕೊಡಬಾರದು, ಯಾರಿಗೆ ಫೋನು ಮಾಡಬೇಕು ಎಲ್ಲ ಅದರಲ್ಲಿ ಬರೆದಿತ್ತು.

"ಈ ನೋವಿನ ಇಂಜೆಕ್ಷನ್ ಬ್ಯಾಡ್ರಿ ಸರ. ಕಿಡ್ನಿಗೆ ಪೆಟ್ಟು."

"ಡಾಕ್ಟರು ನಾನೋ ನೀವೋ?"

"ಡಾಕ್ಟರು ನೀವ ರೀ. ಆದ್ರ ಕಿಡ್ನಿ ನಮ್ಮಣ್ಣಂದು. ಆ ನಂಬರಿಗೆ ಒಂದು ಫೋನು ಮಾಡಿ ಬರ್ರಿ. ಆಮ್ಯಾಲೆ ನೀವು ಹೇಳಿದಂಗ ಕೇಳ್ತೀನಿ."

ಡಾಕ್ಟರು ಕಾರ್ಡು ತಗೊಂಡು ಓದಿದರು. ಆಮೇಲೆ ಸಿರಿಂಜನ್ನು ಟ್ರೇಯಲ್ಲಿಟ್ಟು ಹೊರಗೆ ಹೋದರು. ಕಾಲು ಗಂಟೆಗೆ ಬೇರೆ ಮುಖ ಹೊತ್ತು ಬಂದರು. "ಒಳ್ಳೇದು ಮಾಡಿದ್ರಿ ಅಮ್ಮಾ" ಎಂದು ತಾವೇ ಡ್ರಿಪ್ ಹಾಕಿದರು. ಬೆಂಗಳೂರಿನವರು ಹೇಳಿದ ಜ್ವರದ ಮಾತ್ರೆಯೊಂದೇ. ಊರೆಲ್ಲ ಇಂಜೆಕ್ಷನ್ನಿನಲ್ಲಿ ಮರೆತ ನೋವನ್ನು ಅಕ್ಕೋರು ಐದು ದಿನ ಹಾಗೆಯೇ ಸಹಿಸಿದರು. ತುಟಿ ಕಚ್ಚಿ ಕಚ್ಚಿ ಗಾಯವಾಗಿತ್ತು. ಎಂಟಕ್ಕೆ ಎಂಟಕ್ಕೆ ಮಾತ್ರೆ ಮಾತ್ರ ತಪ್ಪಲಿಲ್ಲ.

ಮೊದಲ ದಿನ ಮಧ್ಯಾಹ್ನವೇ ಅಣ್ಣ ಬುಕ್ಕಸಾಗರದಿಂದ ಬಂದಿದ್ದ. ಹಣೆಯ ಮೇಲೆ ವಿಭೂತಿ, ಹೆಗಲ ಮೇಲೆ ಟವೆಲ್ಲು, ದೊಡ್ಡ ಅಂಗೈಗಳ ಮನುಷ್ಯ. ಐದನೇ ದಿನ ವರದಿ ಬಂದಾಗಲೂ ಮಂಚದ ಕಾಲ ಬಳಿಯೇ ಕುಳಿತಿದ್ದ. ಡಾಕ್ಟರು ಓದಿ, "ಕಿಡ್ನಿ ಮೊದಲಿನಂಗೇ ಇದೆ, ಏನೂ ಆಗಿಲ್ಲ" ಅಂದರು. ಅಣ್ಣ ಎದ್ದು ನಿಂತ. ಕೂತ. ಮತ್ತೆ ಎದ್ದ. ಆಮೇಲೆ ತಂಗಿಯ ತಲೆಯ ಮೇಲೆ ಆ ದೊಡ್ಡ ಅಂಗೈ ಇಟ್ಟು, "ಭೇಷ್ ಮೇಯಿಸೀದಿ" ಅಂದ. ಅಕ್ಕೋರು ಆಗ ಅತ್ತರು, ಬಾಯಿ ತೆರೆದು, ಚಿಕ್ಕ ಹುಡುಗಿಯ ಹಾಗೆ.

ತಿಂಗಳಿಗೆ ಮತ್ತೆ ಬಸ್ಸಿನಲ್ಲಿ ಕಂಡರು. ಗಂಟು ಗಂಟೂ ಬಿಗಿದು ಮೆಟ್ಟಿಲು ಹತ್ತಲು ಒದ್ದಾಡುತ್ತಿದ್ದರು. ಕಂಡಕ್ಟರ್ ಕೈ ಕೊಟ್ಟ. ಅವರು ಸೀಟಿನಲ್ಲಿ ಕೂತ ಕೂಡಲೇ ಇಡೀ ಬಸ್ಸು ಚಪ್ಪಾಳೆ ತಟ್ಟಿತು. ಅಕ್ಕೋರು ಎದ್ದು ಹಿಂದೆ ತಿರುಗಿ, "ಜ್ವರ ಇಟ್ಕೊಂಡು ಅವತ್ತು ಬಂದದ್ದು ನನ್ನ ತಪ್ಪು. ನೀವು ಯಾರೂ ಹಂಗ ಮಾಡಬ್ಯಾಡ್ರಿ" ಎಂದು ತರಗತಿಗೆ ಹೇಳುವಂತೆ ಹೇಳಿ ಕುಳಿತರು. ಆ ವರ್ಷ ಹತ್ತನೇ ತರಗತಿಯಲ್ಲಿ ಗಣಿತದಲ್ಲಿ ಒಬ್ಬರೂ ಫೇಲಾಗಲಿಲ್ಲ. ಸಂಜೆ ಐದರಿಂದ ಆರರವರೆಗೆ ನಿಂತೇ ಪಾಠ ಮಾಡಿದ್ದರು. ಕೂತರೆ ಏಳುವುದು ಕಷ್ಟವಾಗುತ್ತಿತ್ತು.

ನಿವೃತ್ತಿಯ ಮರುವಾರ, ಭಾನುವಾರ ಬೆಳಿಗ್ಗೆ, ಅವರ ಮನೆಗೆ ಹೋಗಿದ್ದೆ. ಕಂಪ್ಲಿಯಿಂದ ಅಕ್ಕಿ ಗಿರಣಿಯವರೊಬ್ಬರು ಮಗಳನ್ನು ಕರೆದುಕೊಂಡು ಬಂದಿದ್ದರು. ಇಪ್ಪತ್ತೆರಡರ ಹುಡುಗಿ. ನಾಲ್ಕು ತಿಂಗಳ ಹಿಂದೆ ತಾಯಿ ಕಿಡ್ನಿ ಕೊಟ್ಟಿದ್ದಾರೆ. ಮುಖ ದುಂಡಗೆ ಉಬ್ಬಿತ್ತು. ದುಪಟ್ಟಾದಲ್ಲಿ ಅದನ್ನು ಮರೆಮಾಡಿ, ನೆಲ ನೋಡುತ್ತಾ ಕುಳಿತಿದ್ದಳು.

"ಎರಡು ಸಲ ಗುಳಿಗಿ ತಪ್ಪಿಸ್ಯಾಳ್ರೀ. ನೀವರೆ ಒಂದೀಟು ಬುದ್ಧಿ ಹೇಳ್ರಿ" ಅಂದರು ತಂದೆ.

ಅಕ್ಕೋರು ಬುದ್ಧಿ ಹೇಳಲಿಲ್ಲ. ಒಳಗಿನಿಂದ ತಮ್ಮದೊಂದು ಹಳೆಯ ಫೋಟೋ ತಂದು ಅವಳ ತೊಡೆಯ ಮೇಲಿಟ್ಟರು. ಕಂಪ್ಲಿಯ ಮದುವೆಯದು. ಅದರಲ್ಲಿ ಅವರ ಮುಖ ಹುಡುಗಿಯ ಮುಖಕ್ಕಿಂತ ದುಂಡಗಿತ್ತು. ಹುಡುಗಿ ಫೋಟೋ ನೋಡಿದಳು, ಎದುರಿಗೆ ಕುಳಿತವರನ್ನು ನೋಡಿದಳು.

"ಇಳೀತೈತಿ. ಡಾಕ್ಟರು ಗುಳಿಗಿ ಕಮ್ಮಿ ಮಾಡ್ತಾರ, ಆಗ ಇಳೀತೈತಿ. ನೀನಾಗಿ ನೀನು ಕಮ್ಮಿ ಮಾಡಬ್ಯಾಡ, ನಾನು ಮಾಡಿ ನೋಡೀನಿ" ಎಂದು ಆ ಹಳೆಯ ತಪ್ಪನ್ನೆಲ್ಲ ಹೇಳಿದರು. ಎರಡು ಸಲ ತಪ್ಪಿದ್ದನ್ನು ಬೆಂಗಳೂರಿಗೆ ತಿಳಿಸಿದ್ದೀರಾ ಎಂದು ಕೇಳಿದರು. ಇಲ್ಲವೆಂದಾಗ ತಂದೆಯ ಕೈಯಿಂದ ಅಲ್ಲಿಯೇ ಫೋನು ಮಾಡಿಸಿದರು. ನಾಳೆಯೇ ರಕ್ತ ಪರೀಕ್ಷೆ ಮಾಡಿಸಿ ಎಂದು ಅಲ್ಲಿಂದ ಬಂತು.

ಹುಡುಗಿ ಫೋಟೋ ಹಿಂತಿರುಗಿಸುತ್ತಾ ಕೇಳಿದಳು. "ಹದಿನೇಳು ವರ್ಷ, ದಿನಾ ಎರಡು ಹೊತ್ತು. ನಿಮಗ ಒಮ್ಮೆನೂ ಬ್ಯಾಸರ ಆಗಲಿಲ್ಲೇನ್ರಿ?"

"ಆಗೇತಿ ಯವ್ವಾ. ಭಾಳ ಸಲ ಆಗೇತಿ. ಬ್ಯಾಸರ ಆದ ದಿನಾನೂ ತಗೊಂಡೀನಿ."

ಹುಡುಗಿ ದುಪಟ್ಟಾ ಕೆಳಗಿಳಿಸಿದಳು. "ಬ್ಯಾಸರ ಮಾಡ್ಕೊಂಡು ತಗೊಂಡ್ರ ನಡೀತೈತೇನ್ರಿ ಹಂಗಾದ್ರ?"

"ಬೈಕೊಂತ ತಗೊ, ನಡೀತೈತಿ" ಎಂದರು ಅಕ್ಕೋರು. "ಗುಳಿಗಿಗೆ ಕಿವಿ ಇರಂಗಿಲ್ಲ."